ಆಲು ಎಲ್ಲಿಂದ ಬತ್ತದೆ

ಕಳೆದ ವಾರ ಕೆಲಸದ ಮೇಲೆ ಗುಂಡ್ಲುಪೇಟೆಗೆ ಹೋಗಿದ್ದೆ. ನನ್ನ ಸ್ಕೂಟರಿನ ಸೀಟು ಹರಿದು, ಒಳಗಿನ ಸ್ಪಂಜು ಮಳೆನೀರು ಕುಡಿದು, ಕೂತಾಗಲೆಲ್ಲ ನನ್ನ ಸೀರೆಯ ಮಾನ ಕಳೆಯುತ್ತಿತ್ತು. ಇವತ್ತು ಇದಕ್ಕೊಂದು ಗತಿ ಕಾಣಿಸಲೇಬೇಕು ಎಂದುಕೊಂಡು ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಗೆ ತಿರುಗಿದ್ದೇ ತಡ, ರೆಕ್ಸಿನ್ ಅಂಟಿಸುವ ಸೊಲ್ಯೂಷನ್ನಿನ ವಾಸನೆ ಮೂಗಿಗೆ ಬಡಿಯಿತು. ಪೆಟ್ರೋಲೂ ಅಲ್ಲ, ಕೊಳೆತ ಹಣ್ಣೂ ಅಲ್ಲ, ಎರಡರ ನಡುವಿನ ಒಂದು ವಾಸನೆ ಅದು. ಕೆಲವರಿಗೆ ಅದರಿಂದ ತಲೆ ಸುತ್ತುತ್ತದಂತೆ. ನನಗೆ ಬೇರೆ ಕಾಯಿಲೆ. ಆ ವಾಸನೆ ಬಂದರೆ ನಿಂತಲ್ಲಿ ನಿಲ್ಲಲಾಗುವುದಿಲ್ಲ, ಯಾರ ಜೊತೆಗಾದರೂ ಜಗಳ ತೆಗೆಯಬೇಕು ಅನ್ನಿಸುತ್ತದೆ. ಅಂಗಡಿಯ ಮುಂದೆ ಸ್ಕೂಟರ್ ನಿಲ್ಲಿಸಿ, ಒಳಗೆ ಕಾಲಿಡುವ ಮುನ್ನ ಸ್ವಲ್ಪ ಹೊತ್ತು ಹೊರಗೇ ನಿಂತುಕೊಂಡೆ. ಎಷ್ಟೋ ವರ್ಷಗಳ ಹಿಂದೆ ಇದೇ ಊರಿನಲ್ಲಿ ಕಳೆದ ಒಂದು ವರ್ಷ ಪೂರ್ತಿ ಕಣ್ಣ ಮುಂದೆ ಬಂತು.

ಆ ವರ್ಷ ನನ್ನನ್ನು ಗುಂಡ್ಲುಪೇಟೆಗೆ ಹಾಕಿದ್ದರು. ವಿಶೇಷ ಅಗತ್ಯವುಳ್ಳ ಮಕ್ಕಳ ಸಂಪನ್ಮೂಲ ಶಿಕ್ಷಕಿ ಅನ್ನುವುದು ನನ್ನ ಕೆಲಸದ ಹೆಸರು. ನಮ್ಮೂರು ಕುದೇರಿನಲ್ಲಿ ಅಷ್ಟುದ್ದದ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಬಸ್ಸು ಹೊರಟುಹೋಗುತ್ತದೆ. ಹಾಗಾಗಿ ಅವ್ವ ತನಗೆ ಬೇಕಾದಂತೆ ಅದನ್ನು ಚಿಕ್ಕದು ಮಾಡಿಕೊಂಡು ಬೀದಿಯವರಿಗೆಲ್ಲ "ನಮ್ಮ ಅಮ್ಮಿ ಪೆದ್ದೈಕ್ಳ ಟೀಚ್ರು ಕಣಿ" ಎಂದು ಹೇಳಿಕೊಂಡು ಬಂದಿದ್ದಳು.

"ಅಂಗನ್ಬೇಡ ಕಣವ್ವ" ಅಂದರೆ, "ಮತ್ತಿನ್ನೇನನ್ಲಮ್ಮಿ? ಜಾಣೈಕ್ಳಿಗೆ ಬ್ಯಾರೆ ಮೇಷ್ಟ್ರು ಅವ್ರಲ್ಲ" ಅನ್ನುತ್ತಿದ್ದಳು.

ಕುದೇರಿನಿಂದ ಚಾಮರಾಜನಗರ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ತೆರಕಣಾಂಬಿ ದಾಟಿ ಗುಂಡ್ಲುಪೇಟೆ. ಚಾಮರಾಜನಗರದಲ್ಲಿ ಸುಡುವ ಬಿಸಿಲಿದ್ದರೆ ಗುಂಡ್ಲುಪೇಟೆಯಲ್ಲಿ ಇಳಿಯುವ ಹೊತ್ತಿಗೆ ಕೇರಳದ ಕಡೆಯಿಂದ ಬಂದ ಸೋನೆ ಮುಖಕ್ಕೆ ಹೊಡೆಯುತ್ತಿತ್ತು. ಮಳೆಗಿಂತ ಗಾಳಿಯದೇ ಕಾಟ. ಆಷಾಢದ ಆ ಗಾಳಿಗೆ ಶಾಲೆಯ ಕಿಟಕಿಗಳು ದಿನವಿಡೀ ಬಡಿದುಕೊಳ್ಳುತ್ತಿದ್ದವು, ಚಿಲಕ ಹಾಕಿದರೂ ನಡುಗುತ್ತಿದ್ದವು. ನನಗೂ ಆಗ ಒಂದು ಕಡೆ ಕೂರುವ ಸ್ವಭಾವವಿರಲಿಲ್ಲ. ಡಿಪ್ಲೊಮಾ ಮುಗಿಸಿ ಹೊಸದಾಗಿ ಬಂದಿದ್ದೆ, ಜಗತ್ತು ನಾನು ಹೇಳಿದ ತಕ್ಷಣ ಸರಿಹೋಗಬೇಕು ಅನ್ನುವ ಆತುರ.

ಡಿಪ್ಲೊಮಾದಲ್ಲಿ ವಿಶೇಷ ಶಿಕ್ಷಣದ ಇತಿಹಾಸ ಎಂಬ ಪಾಠವಿತ್ತು. ಅದರ ನಡುವೆ ಸುಜನನಶಾಸ್ತ್ರದ ಬಗ್ಗೆ ಎರಡು ಪುಟ. ಹೆಸರು ಕೇಳಿದರೆ ಬಾಣಂತಿ ಆರೈಕೆಯ ಪುಸ್ತಕ ಅನ್ನಿಸುತ್ತದೆ. ನಮ್ಮ ಮೇಷ್ಟ್ರು "ಇದು ಪರೀಕ್ಷೆಗೆ ಬರೋಲ್ಲ, ಬಿಟ್ಬಿಡಿ" ಎಂದು ಪುಟ ತಿರುವಿದರು. ಬಿಟ್ಟುಬಿಡಿ ಅಂದದ್ದಕ್ಕೇ ನಾನು ಹಾಸ್ಟೆಲಿನಲ್ಲಿ ಕೂತು ಅದನ್ನು ಓದಿದೆ, ಆಮೇಲೆ ಲೈಬ್ರರಿಯಲ್ಲಿ ಹುಡುಕಿ ಇನ್ನಷ್ಟು ಓದಿದೆ. ಬೇರೆ ಬೇರೆ ದೇಶಗಳಲ್ಲಿ ದೊಡ್ಡ ದೊಡ್ಡ ವಿದ್ಯಾವಂತರೇ ಮನುಷ್ಯರಲ್ಲೂ ದನಗಳ ಹಾಗೆ ಒಳ್ಳೆಯ ತಳಿ, ಕೆಟ್ಟ ತಳಿ ಎಂದು ನಂಬಿದ್ದರು. ದಡ್ಡತನ ರಕ್ತದಲ್ಲಿ ಹರಿದು ಬರುತ್ತದೆ, ಅಂಥವರಿಗೆ ಮಕ್ಕಳಾಗಬಾರದು ಅನ್ನುವುದು ಅವರ ವಾದ. ಯಾವ ಮಗುವಿಗೆ ಶಾಲೆಯಲ್ಲಿ ಹೆಚ್ಚಿನ ಸಹಾಯ ಬೇಕು ಎಂದು ತಿಳಿಯಲು ಮಾಡಿದ ಬುದ್ಧಿಪರೀಕ್ಷೆಯನ್ನು ಅವರು ಜರಡಿ ಮಾಡಿಕೊಂಡರು. ಜರಡಿಯಲ್ಲಿ ಉಳಿದವರನ್ನು ಊರಾಚೆಯ ವಸತಿಶಾಲೆಗಳಿಗೆ ಕಳಿಸಿದರು. ಕಲಿಸುವುದಕ್ಕೆ ಅಂತ ಹೆಸರು, ನಿಜವಾಗಿ ಗಂಡು ಹೆಣ್ಣು ಒಂದುಕಡೆ ಸೇರದ ಹಾಗೆ ಕೂಡಿಹಾಕುವುದಕ್ಕೆ. ಎಷ್ಟೋ ಜನರಿಗೆ ಅವರನ್ನು ಕೇಳದೆಯೇ ಆಪರೇಷನ್ ಮಾಡಿದರು. ಹಡಗಿನಿಂದ ಆಗಷ್ಟೇ ಇಳಿದ ಪರದೇಶದವರಿಗೆ ಅವರಿಗೆ ಬಾರದ ಭಾಷೆಯಲ್ಲಿ ಪ್ರಶ್ನೆ ಕೇಳಿ, ಉತ್ತರ ಬರಲಿಲ್ಲವಾದ್ದರಿಂದ ಇವರು ಮಂದಬುದ್ಧಿಯವರು ಎಂದು ಬರೆದುಕೊಂಡರು. ನಾನು ಕಲಿಯುತ್ತಿದ್ದ ವಿದ್ಯೆಯ ಹಿತ್ತಲಲ್ಲಿ ಇಷ್ಟೆಲ್ಲ ಹೂತಿದೆ ಎಂದು ಗೊತ್ತಾಗಿ ಎಷ್ಟೋ ದಿನ ಊಟ ಸೇರಲಿಲ್ಲ. ಆದರೂ ಇದೆಲ್ಲ ದೂರದ ದೇಶದ, ಹಳೇ ಕಾಲದ ಕಥೆ ಎಂದು ಸಮಾಧಾನ ಮಾಡಿಕೊಂಡಿದ್ದೆ.

ಶಾಲೆ ಶುರುವಾಗಿ ಸ್ವಲ್ಪ ದಿನಕ್ಕೆ ನಮ್ಮಲ್ಲಿ ತಪಾಸಣೆಯ ಶಿಬಿರ ನಡೆಯಿತು. ಕಲಿಕೆಯಲ್ಲಿ ಹಿಂದಿರುವ ಮಕ್ಕಳನ್ನೆಲ್ಲ ಕೂರಿಸಿ ಪರೀಕ್ಷೆ ಮಾಡುವುದು. ಪರೀಕ್ಷೆ ಮಾಡಲು ಬಂದವರು ಉಮ್ಮತ್ತೂರು ಕಡೆಯವರು. ಒಳ್ಳೆಯ ಮನುಷ್ಯ, ಅದನ್ನು ಮೊದಲೇ ಹೇಳಿಬಿಡಬೇಕು. ಪುಸ್ತಕದ ಕನ್ನಡದಲ್ಲಿ ಕೇಳಿದರೆ ಮಕ್ಕಳು ಬೆದರುತ್ತಾರೆ ಎಂದು ತಮ್ಮೂರಿನ ಮಾತಿನಲ್ಲೇ, ತೊಡೆ ತಟ್ಟಿಕೊಂಡು ನಗುನಗುತ್ತಾ ಕೇಳುತ್ತಿದ್ದರು. ನಾನು ಹೊರಗೆ ವರಾಂಡದಲ್ಲಿ ಮಕ್ಕಳನ್ನು ಸಾಲು ನಿಲ್ಲಿಸುತ್ತಿದ್ದೆ.

ಸಾಲಿನಲ್ಲಿ ಹಸೀನಾ ಇದ್ದಳು. ನಾಲ್ಕನೇ ತರಗತಿ. ಅವಳ ಅಪ್ಪ ರಿಯಾಜ್ ಬಸ್ ಸ್ಟ್ಯಾಂಡಿನ ಹಿಂದೆ ಬೈಕುಗಳಿಗೆ ಸೀಟ್ ಕವರ್ ಹೊಲಿಯುವವರು. ಆ ವರ್ಷವಷ್ಟೇ ಸಂಸಾರ ಚಾಮರಾಜನಗರದಿಂದ ಬಂದಿತ್ತು. ಅಲ್ಲಿ ಉರ್ದು ಶಾಲೆಯಲ್ಲಿದ್ದ ಹುಡುಗಿಯನ್ನು ಇಲ್ಲಿ ಕನ್ನಡ ಶಾಲೆಗೆ ಹಾಕಿದ್ದರು. ಹಾಜರಿ ಕೂಗುವಾಗ ಟೀಚರು "ಅಸೀನಾ" ಅಂದರೆ ಯಾರನ್ನೋ ಕರೆಯುತ್ತಿದ್ದಾರೆ ಎಂದು ಅವಳು ಸುಮ್ಮನೆ ಕೂತಿರುತ್ತಿದ್ದಳಂತೆ. ಕರೆದರೆ ಓಗೊಡುವುದಿಲ್ಲ ಅನ್ನುವುದೇ ಅವಳ ಮೇಲಿನ ಮೊದಲ ದೂರು.

ಒಳಗೆ ಪರೀಕ್ಷಕರು ಕೇಳಿದರು: "ಆಲು ಎಲ್ಲಿಂದ ಬತ್ತದೆ ಕಣಮ್ಮಿ?"

ಹಸೀನಾ ಬೆರಳಿನಿಂದ ನೆಲ ತೋರಿಸಿದಳು. "ಮಣ್ಣಿಂದ" ಅಂದಳು.

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಪರೀಕ್ಷಕರು ನಗಲಿಲ್ಲವಂತೆ, ಆದರೆ ಬಿಸಿಯೂಟದ ಅಡುಗೆಯವಳು ಬಾಗಿಲಲ್ಲಿ ನಿಂತು "ಅಯ್ಯೋ, ಆಲು ಮಣ್ಣಿಂದ ಬತ್ತದಂತೆ ಕಣ್ರೋ!" ಎಂದು ಹೊರಗಿನವರಿಗೂ ಕೇಳುವಂತೆ ಕೂಗಿದಳು. ಅಷ್ಟಾದ ಮೇಲೆ ಹುಡುಗಿ ಬಾಯಿಗೆ ಬೀಗ ಹಾಕಿಕೊಂಡಳು. ಮುಂದಿನ ಒಂದು ಪ್ರಶ್ನೆಗೂ ಉತ್ತರ ಕೊಡಲಿಲ್ಲ. ಉತ್ತರ ಬಾರದ್ದಕ್ಕೆಲ್ಲ ಸೊನ್ನೆ ಬಿತ್ತು. ಸಂಜೆಯ ಹೊತ್ತಿಗೆ ಅವಳು ಬುದ್ಧಿಮಾಂದ್ಯ ಮಕ್ಕಳ ಪಟ್ಟಿಯಲ್ಲಿದ್ದಳು, ಮಾರನೇ ದಿನದಿಂದ ನನ್ನ ಕೋಣೆಯಲ್ಲಿ.

ನನ್ನ ಕೋಣೆ ಬಿಸಿಯೂಟದ ಉಗ್ರಾಣದ ಪಕ್ಕದಲ್ಲಿತ್ತು. ಅಲ್ಲಿಗೆ ದಿನವೂ ಬರುತ್ತಿದ್ದವಳು ಗೌರಿ. ಅವಳಿಗೆ ಮಾತು ಬರುತ್ತಿರಲಿಲ್ಲ, ಜೊಲ್ಲು ಸುರಿಯುತ್ತಿತ್ತು, ಕತ್ತಿಗೆ ಒಂದು ಟವೆಲು ಕಟ್ಟಿರುತ್ತಿದ್ದರು. ಹಸೀನಾ ಮೊದಲ ದಿನವೇ ಅವಳ ಪಕ್ಕ ಕೂತು, ಯಾರೂ ಹೇಳದೆ ಆ ಟವೆಲಿನ ತುದಿಯಿಂದ ಅವಳ ಗಲ್ಲ ಒರೆಸಿದಳು. ಆಮೇಲೆ ಅದು ಅವಳದೇ ಕೆಲಸವಾಯಿತು.

ಹಸೀನಾಳ ತಾಯಿ ನೂರ್‌ಜಹಾನ್ ಒಂದು ದಿನ ಜೋರು ಗಾಳಿಯಲ್ಲಿ ಬುರ್ಖಾ ಹಿಡಿದುಕೊಳ್ಳುತ್ತಾ ಬಂದರು. ನನಗೆ ನಮಸ್ಕಾರವನ್ನೂ ಹೇಳಲಿಲ್ಲ.

"ಮೇಡಂ, ನನ್ನ ಮಗಳಿಗೆ ಹುಚ್ಚು ಅಂತ ಯಾರು ಹೇಳಿದ್ದು?"

"ಹುಚ್ಚು ಅಂತ ಯಾರೂ ಹೇಳಿಲ್ಲ."

"ಚಾಮರಾಜನಗರದಲ್ಲಿ ಹೇಳ್ತಿದ್ದಾರೆ. ನಮ್ಮ ಬೀಗರ ಮನೇವರೆಗೂ ಹೋಗಿದೆ."

ಆಗ ವಿಷಯ ಗೊತ್ತಾಯಿತು. ಹಸೀನಾಳ ಅಕ್ಕ ಶಾಹೀನ್‌ಗೆ ಚಾಮರಾಜನಗರದ ಒಂದು ಮನೆಯ ಹುಡುಗನ ಜೊತೆ ಮಾತಾಗಿತ್ತು. ಅವರದು ರೇಷ್ಮೆಹುಳುವಿನ ಮೊಟ್ಟೆ ತಯಾರಿಸಿ ರೈತರಿಗೆ ಮಾರುವ ಕಸುಬು. ತಂಗಿಯ ಸುದ್ದಿ ಕೇಳಿ ಹುಡುಗನ ತಾಯಿ ಹೇಳಿಕಳಿಸಿದ್ದರು: ರಕ್ತದಲ್ಲೇ ಇದೆಯಾ ಅಂತ ಮೊದಲು ತಿಳಿಸಿ, ಆಮೇಲೆ ಮುಂದಿನ ಮಾತು.

ನನಗೆ ಮೈಯೆಲ್ಲ ಉರಿದುಹೋಯಿತು. ಪರೀಕ್ಷೆಗೆ ಬರುವುದಿಲ್ಲ ಎಂದು ಮೇಷ್ಟ್ರು ತಿರುವಿದ್ದ ಆ ಪುಟದ ಮಾತೇ ಇದು, ಒಂದಕ್ಷರ ಆಚೀಚೆಯಿಲ್ಲ. ಆ ಪುಸ್ತಕವನ್ನು ಇಲ್ಲಿ ಯಾರೂ ಓದಿರಲಿಲ್ಲ. ಆದರೂ ಅದು ತೆರಕಣಾಂಬಿ ಬಸ್ಸು ಹತ್ತಿ ಬಂದು ನನ್ನ ಕೋಣೆಯಲ್ಲಿ ಕೂತಿತ್ತು.

ಹೋಗುವಾಗ ನೂರ್‌ಜಹಾನ್ ಬಾಗಿಲಲ್ಲಿ ನಿಂತು ಗೌರಿಯ ಕಡೆ ಕೈ ತೋರಿಸಿದರು. "ಆ ಹುಡುಗಿ ಪಕ್ಕ ನನ್ನ ಮಗಳನ್ನ ಕೂರಿಸಬೇಡಿ ಮೇಡಂ. ನೋಡಿದವರು ಏನಂದ್ಕೊಳ್ತಾರೆ?" ನಾನು ಏನೋ ಗೊಣಗಿ ಕಳಿಸಿದೆ. ಇಬ್ಬರನ್ನೂ ಬೇರೆ ಮಾಡಲಿಲ್ಲ, ಮಾಡಿದ್ದರೂ ಹಸೀನಾ ಕೇಳುತ್ತಿರಲಿಲ್ಲ.

ಶ್ರಾವಣಕ್ಕೆ ಮುಂಚಿನ ಒಂದು ಮಧ್ಯಾಹ್ನ. ಮಳೆ ಬಿಟ್ಟೂ ಬಿಡದೆ ಹಿಡಿದಿತ್ತು. ಶಾಲೆಯಲ್ಲಿ ಮಕ್ಕಳಿಗೆ ಕೊಡುವ ಹಾಲು ಕಾಯಿಸಿ ಇಟ್ಟಿದ್ದರು. ಗೌರಿ ಹಠ ಹಿಡಿದು ಅಳುತ್ತಿದ್ದಳು, ನಾನು ಅವಳನ್ನು ಸಂಭಾಳಿಸುತ್ತಿದ್ದೆ. ಡಿಪ್ಲೊಮಾದವರು ನನಗೆ 'ಹ' ಉಚ್ಚರಿಸಲು ಕಲಿಸಿದ್ದರು, ನಿಜ. ಆದರೆ ನಾನೂ ಕುದೇರಿನವಳೇ. ಅವಸರದಲ್ಲಿ ನಾಲಿಗೆ ಊರಿಗೆ ಓಡಿಹೋಗುತ್ತದೆ.

"ಅಮ್ಮಿ, ಓಗಿ ಆಲು ಈಸ್ಕಂಬಾ" ಅಂದೆ.

ಹಸೀನಾ ಓಡಿದಳು. ಬಂದಾಗ ಅವಳ ಲಂಗದ ಮಡಿಲಲ್ಲಿ ಮಣ್ಣು ಮೆತ್ತಿದ ಆಲೂಗಡ್ಡೆಗಳಿದ್ದವು. ಅವುಗಳನ್ನು ನನ್ನ ಮೇಜಿನ ಮೇಲೆ ಸುರಿದು, ಹೇಳಿದ ಕೆಲಸ ಮಾಡಿದ ಖುಷಿಯಲ್ಲಿ "ಆಲೂ" ಅಂದಳು. ಉಗ್ರಾಣದಿಂದ ಅಡುಗೆಯವಳು "ಯಾಕಮ್ಮಿ ಗೆಡ್ಡೆ ತಕೊಂಡೋದೆ?" ಎಂದು ಬೈಯುತ್ತಾ ಹಿಂದೆಯೇ ಬಂದಳು.

ನಾನು ಆಲೂಗಡ್ಡೆಗಳನ್ನೇ ನೋಡುತ್ತಾ ನಿಂತೆ. ಆಲೂ ಎಲ್ಲಿಂದ ಬರುತ್ತದೆ? ಮಣ್ಣಿಂದ. ಇನ್ನೆಲ್ಲಿಂದ ಬರಬೇಕು? ಅವಳಿಗೆ ಕೇಳಿಸಿದ ಪ್ರಶ್ನೆಗೆ ಅವಳು ಸರಿಯಾದ ಉತ್ತರವನ್ನೇ ಕೊಟ್ಟಿದ್ದಳು. ಪರೀಕ್ಷಕರು ಪುಸ್ತಕದ ಕನ್ನಡದಲ್ಲಿ 'ಹಾಲು' ಅಂದಿದ್ದರೆ ಅವಳಿಗೆ ತಿಳಿಯುತ್ತಿತ್ತು, ಪಾಠದಲ್ಲಿ ಓದಿದ್ದಳು. ಪ್ರೀತಿಯಿಂದ ನಮ್ಮೂರ ಮಾತಿನಲ್ಲಿ ಕೇಳಿದ್ದರಿಂದಲೇ ಹುಡುಗಿ ಕೆಟ್ಟಳು. ನನಗೆ ಒಟ್ಟಿಗೆ ನಗುವೂ ಅಳುವೂ ಬಂತು. ಕೊಡೆ ಮರೆತು ಮಳೆಯಲ್ಲೇ ಹೆಡ್‌ಮಾಸ್ಟರ ಕೋಣೆಗೆ ಓಡಿದೆ, ಅಲ್ಲಿಂದಲೇ ಪರೀಕ್ಷಕರಿಗೆ ಫೋನು ಮಾಡಿದೆ.

ಅವರು ಪೂರ್ತಿ ಕೇಳಿಸಿಕೊಂಡರು. "ಅಯ್ಯೋ ದ್ಯಾವ್ರೇ, ಎಂಥ ಕೆಲ್ಸ ಆಗೋಯ್ತವ್ವ" ಅಂದರು. "ನಾನೇ ಬದ್ಲಾಯ್ಸಕಾಗಕಿಲ್ಲ. ಮೈಸೂರ್ನಲ್ಲಿ ಉರ್ದು ಬಲ್ಲೋರು ಒಬ್ರವ್ರೆ. ಅವ್ರ ತಾವು ಕರ್ಕೊಂಡೋಗು, ನಾನೂ ಏಳ್ತೀನಿ" ಅಂದರು.

ಆ ದಿನದಿಂದ ನಾನು ಸಿಕ್ಕವರಿಗೆಲ್ಲ ಆಲೂ ಕಥೆ ಹೇಳತೊಡಗಿದೆ. ಶಾಲೆಯಲ್ಲಿ, ಬಸ್ಸಿನಲ್ಲಿ, ಮನೆಯಲ್ಲಿ. ಕೇಳಿದವರೆಲ್ಲ ನಗುತ್ತಿದ್ದರು, ಆಮೇಲೆ ಪಾಪ ಅನ್ನುತ್ತಿದ್ದರು. ಅವ್ವ ಮಾತ್ರ "ಅಂಗಾರೆ ಆ ಐಕ ಪೆದ್ದಲ್ಲ. ಮತ್ತೆ ನಿನ್ ತಾವು ಯಾಕವ್ಳೆ?" ಅಂದಳು. ಅವಳು ಅಲ್ಲಿರಬೇಕಾದವಳೇ ಅಲ್ಲ, ಅದನ್ನೇ ಸಾಬೀತು ಮಾಡುತ್ತೇನೆ ನೋಡು ಎಂದು ನಾನು ಜಂಬದಿಂದ ಹೇಳಿದೆ.

ಮೈಸೂರಿನವರ ಸಮಯ ಸಿಗುವುದು ಸುಲಭವಿರಲಿಲ್ಲ. ಇವತ್ತು ಬನ್ನಿ ಅಂದವರು ನಾಳೆ ಬೇಡ ಅನ್ನುತ್ತಿದ್ದರು. ಗುಂಡ್ಲುಪೇಟೆಯ ಹೊಲಗಳಲ್ಲಿ ಚೆಂಡು ಹೂವು ಅರಳಿ, ಕೊಯ್ದು, ಕೇರಳದ ಲಾರಿಗಳಿಗೆ ತುಂಬಿ ಹೋಯಿತು. ರಸ್ತೆಯುದ್ದಕ್ಕೂ ಕಾರು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುವವರಿಂದ ನನ್ನ ಬಸ್ಸು ತಡವಾದಾಗಲೆಲ್ಲ ನಾನು ಕಿಟಕಿಯಲ್ಲೇ ಹಲ್ಲು ಕಡಿಯುತ್ತಿದ್ದೆ. ಅತ್ತ ಬೀಗರ ಮನೆಯವರು ಇನ್ನೂ ಏನೂ ತಿಳಿಯಲಿಲ್ಲವಾ ಎಂದು ಕೇಳಿಕಳಿಸುತ್ತಿದ್ದರು.

ಸಂಜೆ ಬಸ್ಸಿಗೆ ಮುಂಚೆ ಸೀಟಿನ ಅಂಗಡಿಗೆ ಹೋಗುವುದು ರೂಢಿಯಾಯಿತು. ರೆಕ್ಸಿನ್ ವಾಸನೆಯ ಆ ಚಿಕ್ಕ ಅಂಗಡಿಯಲ್ಲಿ ದಿನವೂ ಪಾಠ ನಡೆಯುತ್ತಿತ್ತು. ನೂರ್‌ಜಹಾನ್ 'ಹ'ಕ್ಕೆ ಉಸಿರೆಲ್ಲ ಹಾಕಿ ಕೇಳುತ್ತಿದ್ದರು: "ಹಾಲು ಎಲ್ಲಿಂದ ಬರುತ್ತೆ?"

"ಹಸುವಿನಿಂದ."

"ಇನ್ನೊಂದ್ಸಲ."

"ಹಸುವಿನಿಂದ."

ರಿಯಾಜ್ ಬಾಯಲ್ಲಿ ಸಣ್ಣ ಮೊಳೆಗಳನ್ನು ಕಚ್ಚಿಕೊಂಡೇ ಕೇಳುತ್ತಿದ್ದರು. ಬೈಕು ತಂದ ಗಿರಾಕಿಗಳೂ ತಮಾಷೆಗೆ ಕೇಳುತ್ತಿದ್ದರು. ಹುಡುಗಿ ಎದ್ದು ನಿಂತು, ಕೈ ಕಟ್ಟಿ, ಹೇಳಿ, ಕೂರುತ್ತಿದ್ದಳು. ಮೈಸೂರಿನಲ್ಲಿ ಬೇರೆ ಪ್ರಶ್ನೆ ಕೇಳುತ್ತಾರೆ, ಹೀಗೆ ಬಾಯಿಪಾಠ ಮಾಡಿಸಬೇಡಿ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಶಾಹೀನ್ ಒಬ್ಬಳೇ ಅವಳನ್ನು ಏನೂ ಕೇಳುತ್ತಿರಲಿಲ್ಲ. ಅವಳು ಪಿಯುಸಿ ಮುಗಿಸಿ ಅಪ್ಪನ ಎರಡನೇ ಮಿಷನ್ನಿನಲ್ಲಿ ಹೊಲಿಯುತ್ತಿದ್ದಳು. ಪ್ರಶ್ನೆ ಶುರುವಾದ ಕೂಡಲೇ ಪೆಡಲನ್ನು ಜೋರಾಗಿ ತುಳಿದು, ಯಾರ ಮಾತೂ ಯಾರಿಗೂ ಕೇಳದ ಹಾಗೆ ಮಾಡುತ್ತಿದ್ದಳು.

ಕೊನೆಗೆ ಚಳಿ ಶುರುವಾಗುವ ಹೊತ್ತಿಗೆ ಮೈಸೂರಿಗೆ ಹೋದೆವು. ನಾನು, ನೂರ್‌ಜಹಾನ್, ಹಸೀನಾ. ಅಲ್ಲಿದ್ದ ಮನಶ್ಶಾಸ್ತ್ರಜ್ಞೆ ಉರ್ದುವಿನಲ್ಲಿ ಮಾತಾಡಿಸಿದ್ದೇ ಹಸೀನಾಳ ಮುಖ ಬಿಚ್ಚಿತು. ಅರ್ಧ ದಿನ ಅವಳ ಜೊತೆ ಕೂತರು, ಆಟ ಆಡಿಸಿದರು, ಬೇಸರವಾದಾಗ ಬಿಟ್ಟರು, ಮತ್ತೆ ಕರೆದರು. ನಾನು ಹೊರಗೆ ಬೆಂಚಿನ ಮೇಲೆ ಕೂರಲಾರದೆ ಓಡಾಡುತ್ತಿದ್ದೆ. ಗೆದ್ದ ಕೇಸಿನ ತೀರ್ಪು ಕೇಳಲು ಕಾಯುತ್ತಿದ್ದೇನೆ ಅನ್ನುವುದೇ ನನ್ನ ಮನಸ್ಸಿನಲ್ಲಿದ್ದದ್ದು.

ಆಕೆ ನನ್ನನ್ನು ಒಬ್ಬಳನ್ನೇ ಒಳಗೆ ಕರೆದರು. "ಶಿಬಿರದಲ್ಲಿ ಬರೆದದ್ದು ಪೂರ್ತಿ ತಪ್ಪು" ಅಂದರು. ನಾನು ಹಿಗ್ಗಿಹೋದೆ. "ಆದರೆ ಹುಡುಗಿ ನಿಧಾನ. ಬೇರೆ ಮಕ್ಕಳಿಗಿಂತ ನಿಧಾನ. ಕಲೀತಾಳೆ, ಹೆಚ್ಚು ಹೊತ್ತು ಬೇಕು, ಪಕ್ಕದಲ್ಲಿ ಒಬ್ಬರು ಬೇಕು. ನಿಮ್ಮ ಕೋಣೆಗೆ ಬರೋದನ್ನ ಬಿಡಿಸಬೇಡಿ."

"ಆಲೂ..." ಅಂದೆ.

"ಆಲೂ ಕಥೆ ನಿಜ. ಇದೂ ನಿಜ" ಅಂದರು.

ನನಗೆ ಆಕೆಯ ಮೇಲೆ ಎಷ್ಟು ಕೋಪ ಬಂತೆಂದರೆ ಥ್ಯಾಂಕ್ಸ್ ಕೂಡ ಹೇಳದೆ ಎದ್ದುಬಂದೆ. ತಿಂಗಳುಗಟ್ಟಲೆ ಜನರಿಗೆ ಹೇಳಿ ನಗಿಸಿ ಮರುಕ ಹುಟ್ಟಿಸಿದ ನನ್ನ ಕಥೆಗೆ ಅಂಥ ಒಳ್ಳೆಯ ಕೊನೆ ಇತ್ತು, ಈಕೆ ಅದನ್ನು ಕೆಡಿಸಿದರು ಅನ್ನಿಸಿತು. ವಾಪಸು ಬರುವಾಗ ನಂಜನಗೂಡು ದಾಟಿದರೂ ನನ್ನ ಸಿಟ್ಟು ಇಳಿಯಲಿಲ್ಲ. ಹಸೀನಾ ಕಿಟಕಿಗೆ ಹಣೆ ಆನಿಸಿ ನಿದ್ದೆ ಹೋಗಿದ್ದಳು.

"ನಾರ್ಮಲ್ ಅಂದ್ರಾ?" ನೂರ್‌ಜಹಾನ್ ಕೇಳಿದರು.

"ಪೂರ್ತಿ ಹಾಗಲ್ಲ. ಸ್ವಲ್ಪ ನಿಧಾನ ಅಂದ್ರು."

ಅವರು ಮಗಳ ತಲೆಯ ಮೇಲಿನ ದುಪಟ್ಟಾ ಸರಿಮಾಡಿದರು. ಆಮೇಲೆ, "ಅವರು ಬಂದಾಗ ಆಲೂದು ಮಾತ್ರ ಹೇಳಿ ಮೇಡಂ. ಮಿಕ್ಕಿದ್ದು ಬೇಡ" ಅಂದರು. ಸುಳ್ಳಂತೂ ಅಲ್ಲವಲ್ಲ ಎಂದು ನಾನು ತಲೆಯಾಡಿಸಿದೆ.

ಹುಡುಗನ ತಾಯಿ ಜೈಬುನ್ನೀಸಾ ಒಂದು ಭಾನುವಾರ ಅಂಗಡಿಯ ಹಿಂದಿನ ಮನೆಗೆ ಬಂದರು. ನನ್ನನ್ನೂ ಕರೆಸಿದ್ದರು. ಒರಟು ಹೆಂಗಸನ್ನು ನಿರೀಕ್ಷಿಸಿದ್ದ ನನಗೆ ಎದುರು ಕೂತದ್ದು ಮೆತ್ತಗಿನ ಮಾತಿನ, ಮಂಡಿನೋವಿನ, ನಮ್ಮ ಅವ್ವನ ವಯಸ್ಸಿನವರು. ನಾನಿದ್ದೇನೆಂದು ಮರ್ಯಾದೆಗೆ ಕನ್ನಡದಲ್ಲೇ ಮಾತಾಡಿದರು. ನಾನು ಆಲೂ ಕಥೆ ಹೇಳಿದೆ, ಮಡಿಲಲ್ಲಿ ಆಲೂಗಡ್ಡೆ ತಂದು ಸುರಿದದ್ದನ್ನು ಕೈ ಆಡಿಸಿ ತೋರಿಸಿದೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನೂರ್‌ಜಹಾನ್ ಅಷ್ಟು ದಿನಗಳಲ್ಲಿ ಮೊದಲ ಸಲ ನಕ್ಕದ್ದನ್ನು ಕಂಡೆ. ಎಲ್ಲ ಸರಿಹೋಯಿತು ಅಂದುಕೊಂಡೆ.

ಅಷ್ಟರಲ್ಲಿ ಹಸೀನಾ ನೀರಿನ ಲೋಟ ತಂದಿಟ್ಟಳು. ಜೈಬುನ್ನೀಸಾ ಅವಳ ಕೈ ಹಿಡಿದು, ಪ್ರೀತಿಯಿಂದಲೇ, ಕನ್ನಡದಲ್ಲೇ ಕೇಳಿದರು: "ನಿನ್ನ ಹೆಸರೇನಮ್ಮ?"

ಹಸೀನಾ ಅವರನ್ನು ನೋಡಿದಳು. ಪಕ್ಕದಲ್ಲಿ ನನ್ನನ್ನು, ನನ್ನ ಚೀಲವನ್ನು ನೋಡಿದಳು. ಗುರುತಿಲ್ಲದ ಒಬ್ಬರು ಕುರ್ಚಿಯಲ್ಲಿ ಕೂತು, ನಾನೂ ಚೀಲ ಹಿಡಿದು ಪಕ್ಕದಲ್ಲಿದ್ದರೆ ಅದು ಪರೀಕ್ಷೆಯೇ. ಅವಳು ಕೈ ಬಿಡಿಸಿಕೊಂಡು, ನೆಟ್ಟಗೆ ನಿಂತು, ಕೈ ಕಟ್ಟಿದಳು.

"ಹಸುವಿನಿಂದ."

ಜೈಬುನ್ನೀಸಾ ಮತ್ತೆ, ಇನ್ನೂ ನಿಧಾನವಾಗಿ, "ಹೆಸರು ಬೇಟಿ, ಹೆಸರು" ಅಂದರು.

"ಹಸುವಿನಿಂದ!" ಸಾಲದಾಯಿತೇನೋ ಎಂದು ಈ ಸಲ ಗಟ್ಟಿಯಾಗಿ ಹೇಳಿದಳು.

ನೂರ್‌ಜಹಾನ್ ಮುಖ ಮುಚ್ಚಿಕೊಂಡರು. ಬಾಯಿಪಾಠ ಮಾಡಿಸಿದ್ದರಿಂದ ಹೀಗಾಯಿತು ಎಂದು ನಾನು ಹೇಳಲು ಹೋದೆ, ನನ್ನ ಮಾತು ನನಗೇ ತೊದಲಿತು. ಜೈಬುನ್ನೀಸಾ ಕೈಯೆತ್ತಿ ತಡೆದರು. ಅವರಿಗೆ ಕೋಪವಿರಲಿಲ್ಲ, ಅದೇ ನನ್ನನ್ನು ಹೆಚ್ಚು ಹೆದರಿಸಿತು.

"ಬೇಜಾರು ಮಾಡ್ಕೋಬೇಡಿ. ನಮ್ಮ ಕಸುಬು ಹಂಗಿದೆ. ಮೊಟ್ಟೆ ಇಟ್ಟ ತಾಯಿ ಚಿಟ್ಟೇನ ಅರೆದು ಮೈಕ್ರೋಸ್ಕೋಪಲ್ಲಿ ನೋಡ್ತೀವಿ. ಅದಕ್ಕೆ, ತಾಯಿಂದ ಮೊಟ್ಟೆಗೆ ಇಳಿಯೋ ಗಂಟುರೋಗ ಇದ್ರೆ ಅದರ ಮೊಟ್ಟೆ ಎಷ್ಟು ಚೆನ್ನಾಗಿ ಕಂಡ್ರೂ ಸುಟ್ಟುಬಿಡ್ತೀವಿ. ಇಲ್ಲದಿದ್ರೆ ಊರೂರಿಗೇ ಹಬ್ಬುತ್ತೆ. ನಾಳೆ ನಮ್ಮ ಮನೇಲೂ ಮಕ್ಕಳಾಗಬೇಕಲ್ಲ."

ಒಳಬಾಗಿಲಲ್ಲಿ ನಿಂತಿದ್ದ ಶಾಹೀನ್ ಆಗ ಈಚೆ ಬಂದಳು. ಬಂದವಳು ತಂಗಿಯ ಕಟ್ಟಿದ ಕೈಗಳನ್ನು ಬಿಡಿಸಿ ಪಕ್ಕಕ್ಕೆ ಎಳೆದುಕೊಂಡಳು. ಅವಳೂ ಕನ್ನಡದಲ್ಲೇ ಮಾತಾಡಿದಳು. ನನಗೂ ಸೇರಿಸಿ ಹೇಳಿದ್ದು ಎಂದು ಆಮೇಲೆ ತಿಳಿಯಿತು.

"ಖಾಲಾ, ಮೇಡಂ ಹೇಳಿದ್ದು ನಿಜ. ಮೈಸೂರಲ್ಲಿ ಏನಂದ್ರು ಅನ್ನೋದನ್ನ ಅವರು ಹೇಳಲಿಲ್ಲ, ನಾನು ಹೇಳ್ತೀನಿ. ಇವಳು ಸ್ವಲ್ಪ ನಿಧಾನ. ಮೊದಲಿಂದಾನೂ ನಿಧಾನ, ಅಮ್ಮನಿಗೂ ಗೊತ್ತು. ಇವಳ ಕ್ಲಾಸಲ್ಲಿ ಗೌರಿ ಅಂತ ಇದ್ದಾಳೆ, ಅವಳಿಗೆ ಮಾತೇ ಬರಲ್ಲ. ಇವಳು ಗೌರಿ ಥರಾನೇ ಇದ್ದಿದ್ರೂ ನನ್ನ ತಂಗೀನೇ. ಆಲೂ ಅಂತ ಕಥೆ ಹೇಳಿ ಯಾಕೆ ನಾವು ತಪ್ಪಿಸ್ಕೋಬೇಕು?" ಅವಳು ತಂಗಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. "ನಿಮಗೆ ಸೊಸೆ ಬೇಕಾ, ಮೊಟ್ಟೆ ಬೇಕಾ, ಮನೇಲಿ ಕೂತು ಯೋಚನೆ ಮಾಡಿ ಖಾಲಾ."

ಜೈಬುನ್ನೀಸಾ ಟೀ ಕುಡಿದೇ ಹೋದರು, ಟೀ ಚೆನ್ನಾಗಿದೆ ಎಂದೂ ಹೇಳಿದರು. ಆಮೇಲೆ ಆ ಮನೆಯಿಂದ ಸುದ್ದಿ ಬರಲಿಲ್ಲ. ನೂರ್‌ಜಹಾನ್ ನನ್ನ ಜೊತೆ ಎಷ್ಟೋ ದಿನ ಮಾತು ಬಿಟ್ಟಿದ್ದರು. ನಾನು ಬಸ್ಸಿಗೆ ಮುಂಚೆ ಅಂಗಡಿಯ ಕಡೆ ಹೋಗುವುದನ್ನು ನಿಲ್ಲಿಸಿ, ಆ ಗಲ್ಲಿ ತಪ್ಪಿಸಿ ಸುತ್ತುಬಳಸಿ ನಡೆಯುತ್ತಿದ್ದೆ. ನಿದ್ದೆ ಬರುತ್ತಿರಲಿಲ್ಲ. ಮದುವೆ ಮುರಿದದ್ದಕ್ಕಲ್ಲ, ಅಂಥ ಮನೆ ತಪ್ಪಿದ್ದು ಒಳ್ಳೆಯದೇ ಆಯಿತು ಅನ್ನುವ ಸಮಾಧಾನ ಹೇಗೋ ಮಾಡಿಕೊಂಡಿದ್ದೆ. ಶಾಹೀನ್‌ಳ ಪ್ರಶ್ನೆ ಬಿಡುತ್ತಿರಲಿಲ್ಲ. ಆ ಪುಟಗಳನ್ನು ಓದಿ ಊಟ ಬಿಟ್ಟವಳು ನಾನು. ಆದರೂ ಇಡೀ ವರ್ಷ ಊರೆಲ್ಲ ಓಡಾಡಿ ನಾನು ಹೇಳಿದ್ದು ಒಂದೇ ಮಾತು: ಈ ಹುಡುಗಿ ಜರಡಿಯಲ್ಲಿ ತಪ್ಪಿ ಉಳಿದವಳು, ಇವಳನ್ನು ಈ ಕಡೆ ಬಿಡಿ. ಜರಡಿ ಯಾಕೆ ಎಂದು ಶಾಹೀನ್ ಕೇಳಿದಳು. ಗೌರಿಯ ಗಲ್ಲ ಒರೆಸುತ್ತಿದ್ದ ಹಸೀನಾಳಿಗೆ ಜರಡಿ ಬೇಡವೆಂದು ಮೊದಲ ದಿನವೇ ಗೊತ್ತಿತ್ತೇನೋ.

ಆ ಭಾನುವಾರದ ನಂತರ ಒಂದು ದಿನ ಹಸೀನಾ ನನ್ನ ಕೋಣೆಯಲ್ಲಿ ಮೆಲ್ಲಗೆ ಕೇಳಿದಳು. "ಮೇಡಂ, ನಾನು ಹಸೀನಾ ಅಂತ ಹೇಳಿದ್ದಿದ್ರೆ ಶಾಹೀನ್ ಆಪಾ ಮದುವೆ ಆಗ್ತಿತ್ತಾ?" ನಾನು ಅವಳನ್ನು ಅಪ್ಪಿಕೊಂಡು ಜೋರಾಗಿ ಅತ್ತುಬಿಟ್ಟೆ. ಗೌರಿ ತನ್ನ ಒದ್ದೆ ಟವೆಲಿನ ತುದಿಯನ್ನು ನನ್ನ ಕಡೆ ಚಾಚಿದಳು. ಬೇಸಿಗೆಯಲ್ಲಿ ನನಗೆ ಬೇರೆ ಕಡೆಗೆ ವರ್ಗವಾಯಿತು.

ಇಷ್ಟೂ ನೆನಪಾಗುವಷ್ಟರಲ್ಲಿ ಅಂಗಡಿಯೊಳಗಿಂದ ಯಾರೋ "ಮೇಡಂ, ಯಾಕೆ ಹೊರಗೇ ನಿಂತ್ರಿ?" ಎಂದು ಕರೆದರು. ಶಾಹೀನ್. ಈಗ ಅಂಗಡಿ ಅವಳದೇ. ಹೂವಿನ ಲಾರಿ ಓಡಿಸುವ, ಕೇರಳದ ಬತ್ತೇರಿಯ ಹುಡುಗನೊಬ್ಬ ಸೀಟು ಹೊಲಿಸಲು ಬಂದವನು ಇವಳನ್ನೇ ಕೇಳಿ ಮದುವೆಯಾದನಂತೆ. "ಹಸೀನಾ ಬಗ್ಗೆ ಏನಾದ್ರೂ ಕೇಳಿದನಾ?" ಅಂದೆ. "ಕೇಳಿದ. ನಿನ್ನ ತಂಗಿ ಮೀನು ತಿಂತಾಳಾ ಅಂತ ಕೇಳಿದ" ಎಂದು ನಕ್ಕಳು. ಅವಳ ಮಗನಿಗೆ ಮಾತು ತಡವಾಗಿ ಬಂತಂತೆ. ಬೀದಿಯವರೆಲ್ಲ ಪರೀಕ್ಷೆ ಮಾಡಿಸು ಅಂದರಂತೆ. ಅವನ ಚಿಕ್ಕಮ್ಮನ ಜೊತೆ ಬಿಟ್ಟೆ, ಮಾತು ಬಂತು ಅಂದಳು.

ಚಿಕ್ಕಮ್ಮ ಎರಡನೇ ಮಿಷನ್ನಿನಲ್ಲಿ ಕೂತಿದ್ದಳು. ನನ್ನಷ್ಟೇ ಎತ್ತರವಾಗಿದ್ದಾಳೆ ಹಸೀನಾ. ಶಾಹೀನ್ ಬಿಚ್ಚಿಕೊಟ್ಟ ನನ್ನ ಸ್ಕೂಟರಿನ ಸೀಟನ್ನು ತೊಡೆಯ ಮೇಲಿಟ್ಟುಕೊಂಡು ಅಂಚು ಹಿಡಿದು ನಿಧಾನವಾಗಿ ಹೊಲಿಯುತ್ತಿದ್ದಳು. ಅವಳ ಹೊಲಿಗೆಗೆ ಹೊತ್ತು ಹಿಡಿಯುತ್ತದೆ, ಆತುರದ ಗಿರಾಕಿಗಳು ಬೇರೆ ಅಂಗಡಿಗೆ ಹೋಗುತ್ತಾರೆ ಎಂದು ಶಾಹೀನ್ ಮುಚ್ಚಿಡದೆ ಹೇಳಿದಳು. ನನ್ನನ್ನು ಗುರುತು ಹಿಡಿದಳೋ ಇಲ್ಲವೋ ಗೊತ್ತಾಗಲಿಲ್ಲ. ನನಗೋ ಎದೆಯಲ್ಲಿ ಒಂದು ಹೆದರಿಕೆ. ನನ್ನನ್ನು, ನನ್ನ ಚೀಲವನ್ನು ಕಂಡು ಎಲ್ಲಿ ಎದ್ದು ನಿಂತು ಕೈ ಕಟ್ಟಿ ಆ ಮಾತು ಹೇಳಿಬಿಡುತ್ತಾಳೋ ಎಂದು ಚೀಲವನ್ನು ಕಾಲಿನ ಹಿಂದೆ ಸರಿಸಿದೆ.

ಹೊಲಿಗೆ ಮುಗಿಸಿ ಅವಳು ಫ್ಲಾಸ್ಕ್ ತೆಗೆದುಕೊಂಡು ಟೀ ತರಲು ಎದ್ದಳು. ನನಗೆ ಈಚೆಗೆ ಹಾಲು ಆಗುವುದಿಲ್ಲ. ಅವಳು ಆಗಲೇ ಬಾಗಿಲು ದಾಟುತ್ತಿದ್ದಳು, ಅವಸರದಲ್ಲಿ ನನ್ನ ನಾಲಿಗೆ ಮತ್ತೆ ಕುದೇರಿಗೆ ಓಡಿತು.

"ಅಮ್ಮಿ, ನಂಗೆ ಆಲು ಬ್ಯಾಡ ಕಣ!"

ಹಸೀನಾ ನಿಂತಳು. ತಿರುಗಿ ನನ್ನ ಮುಖವನ್ನೇ ನೋಡಿದಳು.

"ಯಾವ ಆಲು ಮೇಡಂ? ನಿಮ್ಮದಾ, ನಮ್ಮದಾ?"

ಶಾಹೀನ್ ಮಿಷನ್ ನಿಲ್ಲಿಸಿದಳು. ಹಸೀನಾ ನಗಲಿಲ್ಲ. ನಾನು ತಪ್ಪು ಹೇಳಿದರೂ ಪರವಾಗಿಲ್ಲ ಅನ್ನುವ ಹಾಗೆ, ಫ್ಲಾಸ್ಕ್ ಹಿಡಿದು, ನನ್ನ ಉತ್ತರಕ್ಕೆ ಕಾಯುತ್ತಾ ನಿಂತಿದ್ದಳು.